ಪಕ್ಕದ ಮನೆಯವನು ಬಿಟ್ಟುಹೋದ ಚಿತ್ರ

ಯಾರಾದರೂ ಏನನ್ನಾದರೂ ಬಿಟ್ಟಿಯಾಗಿ ಕೊಟ್ಟರೆ ನನಗೆ ಮೊದಲು ಸಂತೋಷವಾಗುತ್ತದೆ, ಆಮೇಲೆ ಅನುಮಾನ ಬರುತ್ತದೆ. ದೋಹಾದಲ್ಲಿ ಇದು ಕಷ್ಟದ ಸ್ವಭಾವ. ಊರಿಗೆ ಹೊರಟವರೆಲ್ಲ ತಮ್ಮ ಮಂಚ, ಕುಕ್ಕರು, ಕೆಟ್ಟುನಿಂತ ಫ್ಯಾನು ಎಲ್ಲವನ್ನೂ ಪಕ್ಕದವರ ತಲೆಗೆ ಕಟ್ಟಿ ವಿಮಾನ ಹತ್ತುತ್ತಾರೆ. ತೊಂಬತ್ತರ ದಶಕದಲ್ಲಿ ನಮ್ಮ ಗೋಡೆಯಾಚೆಯ ಇಂಗ್ಲಿಷ್ ಎಂಜಿನಿಯರ್ ನನಗೆ ಕೊಟ್ಟುಹೋದದ್ದು ಒಂದು ಚಿತ್ರ. ಮುನ್ನೂರು ವರ್ಷಕ್ಕೂ ಹಳೆಯ ಯಾವುದೋ ಇಟಲಿಯ ಚಿತ್ರದ ಅಚ್ಚು ಪ್ರತಿ. “ಇದರಲ್ಲಿ ಕೊಳಲಿದೆ. ನೋಡಿದಾಗಲೆಲ್ಲ ನಿಮ್ಮ ನೆನಪಾಗುತ್ತಿತ್ತು” ಎಂದ. ಧಾರವಾಡದವನಾದ್ದರಿಂದ ಸಂಗೀತ ನನ್ನ ರಕ್ತದಲ್ಲಿದೆ ಎಂದು ನಾನೇ ತೀರ್ಮಾನಿಸಿ ದಿನಾ ಸಂಜೆ ಕೊಳಲು ಊದುತ್ತಿದ್ದೆ. ಆ ಶುಕ್ರವಾರ ಕನ್ನಡಿಗರ ಕೂಟದಲ್ಲಿ ನನ್ನ ಮೊದಲ ಕೊಳಲು ಕಛೇರಿ ಬೇರೆ. ಉಬ್ಬಿಹೋಗಿ ಚಿತ್ರವನ್ನು ಹಾಲಿನ ಗೋಡೆಗೇ ತೂಗುಹಾಕಿದೆ.

ಮರಕ್ಕೆ ಕಟ್ಟಿದ ಆಡು, ಅದರ ಕಾಲು ಅದುಮಿ ಹಿಡಿದ ಒಬ್ಬ, ಚಾಕುವಿನಿಂದ ಚರ್ಮ ಸುಲಿಯುವ ಸುಂದರ ಯುವಕ, ಮೂಲೆಯಲ್ಲಿ ಅಳುವ ಒಬ್ಬಳು, ನೆಲದ ಮೇಲೆ ಕೊಳಲು. ಬಕ್ರೀದಿನ ಚಿತ್ರವಿರಬೇಕೆಂದು ಕೆಳಗೆ ಅಂಗಡಿ ಇಟ್ಟಿದ್ದ ಉಳ್ಳಾಲದ ಗೆಳೆಯ ಹಮೀದರನ್ನು ಕರೆದು ತೋರಿಸಿದೆ. ಅವರು ಹತ್ತಿರ ಹೋಗಿ ನೋಡಿ ಚಹದ ಲೋಟ ಕೆಳಗಿಟ್ಟರು.

“ಎಂತ ಮಾರಾಯ್ರೇ ಇದು? ಕಾಲು ಮಾತ್ರ ಆಡಿಂದು, ಮುಖ ಮನುಷ್ಯಂದು! ಕೊಯ್ಯದೆ ಸುಲಿಯುವುದುಂಟಾ? ಪಾಪ, ಬೊಬ್ಬೆ ಹೊಡೀತಾ ಇದ್ದಾನೆ.”

ಮರುದಿನ ಆಫೀಸಿನ ಇಟಲಿಯವನನ್ನು ವಿಚಾರಿಸಿದೆ. ಪುರಾಣಕಾಲದಲ್ಲಿ ಆಡಿನ ಕಾಲುಗಳಿದ್ದ ಕೊಳಲೂದುವವನೊಬ್ಬ ಸಂಗೀತದ ದೇವರೊಂದಿಗೇ ಪಂದ್ಯ ಕಟ್ಟಿ ಸೋತನಂತೆ. ದೇವರು ಅವನ ಚರ್ಮವನ್ನು ಜೀವಂತ ಸುಲಿದನಂತೆ. ಖಲಾಸ್.

ಅಂದಿನಿಂದ ನನಗೆ ಎಲ್ಲರ ಮೇಲೂ ಅನುಮಾನ. ಎಂಜಿನಿಯರ್ ಸಂಜೆ ಗೋಡೆ ಕುಟ್ಟುತ್ತಿದ್ದುದನ್ನು ನಾನು ತಾಳವೆಂದು ತಿಳಿದಿದ್ದೆ. ನಾನು ಕೊಳಲು ತೆಗೆದಾಗಲೆಲ್ಲ ಹಮೀದರು ಅಂಗಡಿಯ ನೆನಪಾಗಿ ಎದ್ದುಹೋಗುತ್ತಿದ್ದರು. ಸುಮಿತ್ರೆಯಾದರೂ ನನ್ನ ಹೆಂಡತಿ, ಸುಳ್ಳು ಹೇಳಲಾರಳೆಂದು ನೇರವಾಗಿ ಕೇಳಿದೆ: “ಖರೇ ಹೇಳು, ಶುಕ್ರವಾರ ನುಡಿಸಲೋ ಬ್ಯಾಡೋ?”

ಅವಳು ಚಿತ್ರದ ಹತ್ತಿರ ಹೋಗಿ ಬಗ್ಗಿ ನೋಡಿದಳು. “ಇದ್ರಾಗ ನಾನೂ ಅದೀನೇನು ಅಂತ ನೋಡ್ಲಿಕ್ಕತ್ತೀನ್ರಿ.”

ಮೂಲೆಯಲ್ಲಿ ಅಳುತ್ತಿದ್ದವಳನ್ನು ತೋರಿಸಿ, “ಈಕಿ ಹೌದಿಲ್ಲೋ?” ಎಂದೆ.

“ಈಕಿ ಅಲ್ರಿ. ಇಲ್ಲಿ ಕಾಲು ಹಿಡ್ಕೊಂಡು ಕುಂತಾನಲ್ಲ, ಆಂವ.”

ಆದರೂ ಶುಕ್ರವಾರ ನುಡಿಸಿದೆ, ಹಟಕ್ಕೆ ಬಿದ್ದು ಅರ್ಧ ತಾಸು ನುಡಿಸಿದೆ. ಮೊದಲ ಸಾಲಿನಲ್ಲೇ ಸುಮಿತ್ರೆ ಕುಳಿತಿದ್ದಳು. ನಾನು ಮಾತ್ರ ಎರಡೂ ಕಾಲುಗಳನ್ನು ಪಂಚೆಯೊಳಗೆ ಭದ್ರವಾಗಿ ಮಡಿಸಿಟ್ಟುಕೊಂಡೇ ನುಡಿಸಿದೆ.