ಕಾಕಾನ ಖರೆ ಮಾತು

ನಮ್ಮ ಕಾಕಾನಂಥವರು ಒಬ್ಬರು ಮನೆಯಲ್ಲಿದ್ದರೆ ಸಾಕು, ಬೇರೆ ವೈರಿಗಳು ಬೇಕಾಗುವುದಿಲ್ಲ! ಕುಡಿತವಿಲ್ಲ, ಇಸ್ಪೀಟಿಲ್ಲ, ಎಲೆ ಅಡಿಕೆಯೂ ಇಲ್ಲ. ಇರುವುದು ಒಂದೇ ಚಟ, ಖರೆ ಮಾತಾಡುವುದು. ಒಮ್ಮೆ ಘಟಪ್ರಭಾದ ಬೀಗರ ಮನೆಗೆ ಊಟಕ್ಕೆ ಹೋಗಿದ್ದೆವು. ಆ ಮನೆಯ ಹಿರಿಯ ಸೊಸೆ ಉಪಚಾರಕ್ಕೆಂದು, "ಕಡಬು ಹ್ಯಾಂಗ ಆಗ್ಯಾವ್ರಿ?" ಎಂದು ಕೇಳಿದರು. "ಚಲೋ ಆಗ್ಯಾವ" ಎಂದಿದ್ದರೆ ಮುಗಿಯುತ್ತಿತ್ತಲ್ಲವೇ? ಕಾಕಾ ಇನ್ನೊಂದು ಕಡಬು ಹಾಕಿಸಿಕೊಂಡು, ನಿಧಾನವಾಗಿ ಅಗಿದು, ಯೋಚಿಸಿ ಹೇಳಿದರು: "ಬೆಲ್ಲ ಕಡಿಮಿ ಐತಿ, ಯಾಲಕ್ಕಿ ಜಾಸ್ತಿ ಆಗೇತಿ. ಒಟ್ಟಾರೆ ಅಡ್ಡಿಯಿಲ್ಲ." ಅಂದಿನಿಂದ ಆ ಮನೆಯಲ್ಲಿ ನಮಗೆ ಬರೀ ಚಹಾ!

ಇಂಥವರ ಕೈಗೆ ನಾನು ಸಿಕ್ಕಿದ್ದು ಹತ್ತನೇ ಇಯತ್ತೆಯಲ್ಲಿ. ಮೂಡಲಗಿಯ ನಮ್ಮ ಹೈಸ್ಕೂಲಿನವರು ಮಕ್ಕಳು ಏನಾದರೂ ಕೆಲಸ ಕಲಿಯಲೆಂದು ಶನಿವಾರ ಮಧ್ಯಾಹ್ನ ಒಬ್ಬೊಬ್ಬರನ್ನು ಒಂದೊಂದು ಕಡೆ ಹಚ್ಚುತ್ತಿದ್ದರು. ಗೆಳತಿಯರು ಬ್ಯೂಟಿ ಪಾರ್ಲರ್, ಬೇಕರಿ ಎಂದು ಜಾಗ ಹಿಡಿದರು. ನಾನು ಲೆಕ್ಕ ಬರೆಯುವುದನ್ನು ಆರಿಸಿಕೊಂಡೆ. ಗೋಕಾಕದಲ್ಲಿ ಅಂಗಡಿಕಾರರ ಲೆಕ್ಕ ಬರೆಯುವ ಕಾಕಾ ಇದ್ದರಲ್ಲ! ಮುಂದೆ ಅಲ್ಲೇ ಕಾಮರ್ಸ್ ಓದಬೇಕೆಂದು ನನಗೆ ಬಹಳ ಆಸೆ. ಅಪ್ಪನದು ಒಂದೇ ಷರತ್ತು: "ಕಾಕಾ ಹೂಂ ಅಂದ್ರ ಕಳಸ್ತೀನಿ. ಇಲ್ಲಾಂದ್ರ ಊರಾಗಿನ ಕಾಲೇಜಿನ್ಯಾಗ ಆರ್ಟ್ಸ್ ತಗೊ."

ಮೊದಲ ದಿನ ಹೋಗಿ ನೋಡಿದರೆ ಕಂಪ್ಯೂಟರಿಗೆ ಟವೆಲ್ ಹೊದಿಸಿಟ್ಟಿದ್ದರು. ಮುಟ್ಟುವಂತಿಲ್ಲ!

"ಮೊದಲ ನಿನ್ನ ಪಾಟೀಚೀಲದ ಲೆಕ್ಕ ತಗಿ," ಎಂದರು ಕಾಕಾ. ಚೀಲ ಸುರುವಿದೆ. ಪೆನ್ನು, ಪಟ್ಟಿಗಳ ನಡುವೆ ಅರ್ಧ ಶೇಂಗಾ ಉಂಡಿ ಉರುಳಿತು.

"ಇದರ ಉಳಿದ ಅರ್ಧ ಎಲ್ಲಿ ಹೋತು?"

"ತಿಂದೆನ್ರಿ ಕಾಕಾ."

"ಚೀಲದಾಗಿಂದ ಹೋದದ್ದು ಎಲ್ಲಿಗೋ ಬಂದಿರಬೇಕಲ್ಲ? ಹೊಟ್ಟಿ ಖಾತೇಕ ಹಚ್ಚು!"

ನಗಬೇಡಿ! ಹಾಳೆಯ ನೆತ್ತಿಯ ಮೇಲೆ "ಹೊಟ್ಟೆ" ಎಂದು ಬರೆದು, ನಾನು ಬಾಳಿನಲ್ಲಿ ತೆರೆದ ಮೊದಲ ಖಾತೆ ಅದು. ಒಂದು ಕಡೆಯಿಂದ ಹೋದದ್ದು ಇನ್ನೊಂದು ಕಡೆಗೆ ಬರಲೇಬೇಕೆಂಬುದು ಆಗ ತಲೆಗೆ ಹತ್ತಿದ್ದು ಇನ್ನೂ ಇಳಿದಿಲ್ಲ.

ಇನ್ನೊಂದು ಶನಿವಾರ ಕರದಂಟಿನ ಅಂಗಡಿಗೆ ಕರೆದೊಯ್ದರು. ಮಾಲೀಕರು ಪ್ರೀತಿಯಿಂದ ನನ್ನ ಕೈಗೆ ಒಂದು ತುಂಡು ಇಟ್ಟರು. "ಇದನ್ನ ಯಾವ ಖಾತೇಕ ಬರೀತೀರಿ?" ಎಂದರು ಕಾಕಾ.

"ಅಯ್ಯ, ಕೂಸು ತಿನ್ನಲಿ ಬಿಡ್ರಿ!"

"ತಿನ್ನಲಿ. ಆದ್ರ ಮೊದಲ ಬರೀರಿ."

ಅವರು ಪೆನ್ನು ಹುಡುಕಿ ಬರೆದು ಮುಗಿಸುವ ತನಕ ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆ!

ಇಷ್ಟೆಲ್ಲ ಆದರೂ ನನ್ನ ಲೆಕ್ಕ ಮಾತ್ರ ತಾಳೆಯಾಗುತ್ತಿರಲಿಲ್ಲ. ಬಂದದ್ದನ್ನು ಹೋದದ್ದರಲ್ಲಿ, ಹೋದದ್ದನ್ನು ಬಂದದ್ದರಲ್ಲಿ ಬರೆದಿಡುತ್ತಿದ್ದೆ. ಕಾಕಾ ಬೈಯಲಿಲ್ಲ. "ಮತ್ತೊಮ್ಮಿ ನೋಡೂಣು," ಎಂದು ಮೊದಲಿನಿಂದ ನನ್ನ ಜೊತೆ ಕೂತರು. ಅಷ್ಟು ತಾಳ್ಮೆಯಿಂದ ನನಗೆ ಬೇರೆ ಯಾರೂ ಏನನ್ನೂ ಕಲಿಸಿಲ್ಲ.

ಕೊನೆಯ ಶನಿವಾರ ಅಪ್ಪ ಬಂದರು. "ಹುಡುಗಿ ಹ್ಯಾಂಗ ಅದಾಳೋ ತಮ್ಮಾ?" ಎಂದರು. ನಾನು ಬಾಗಿಲ ಮರೆಯಿಂದ ಇಣುಕುತ್ತ ನಿಂತೆ.

"ಇನ್ನೂ ಕಚ್ಚಾ ಅದಾಳ ಅಣ್ಣಾ."

ಅದು ಖರೆಯೇ! ಮುಂದೇನೋ ಹೇಳಲು ಕಾಕಾ ಬಾಯಿ ತೆರೆದರು. ಹೇಳುವ ಬದಲು ಕಂಪ್ಯೂಟರಿನ ಮೇಲಿನ ಟವೆಲ್ ಸರಿ ಮಾಡಿದರು. ಅಷ್ಟರಲ್ಲಿ ಅಪ್ಪ, "ಆತು ಬಿಡು," ಎಂದು ಎದ್ದಾಗಿತ್ತು. ಮೂಡಲಗಿ ಬಸ್ಸಿನ ಹೊತ್ತಾಗಿತ್ತು. ಬಸ್ಸಿನಲ್ಲಿ ಅಪ್ಪ ಕಿಟಕಿಯ ಸೀಟು ನನಗೇ ಬಿಟ್ಟರು. ದಾರಿಯುದ್ದಕ್ಕೂ ಕಬ್ಬಿನ ಹೊಲ ನೋಡುತ್ತ ಅತ್ತೆ.

ಆರ್ಟ್ಸ್ ಓದಿದೆ, ಪಾಸಾದೆ, ಹುಕ್ಕೇರಿಗೆ ಸೊಸೆಯಾಗಿ ಬಂದೆ. ಗಂಡ ಒಳ್ಳೆಯವರು, ಅತ್ತೆಯೂ ಒಳ್ಳೆಯವರೇ. ಆದರೂ ಬಸ್ ಸ್ಟ್ಯಾಂಡಿನಲ್ಲಿ ಕಾಮರ್ಸ್ ಓದುವ ಹುಡುಗಿಯರು ದಪ್ಪ ಪುಸ್ತಕ ಎದೆಗೊತ್ತಿಕೊಂಡು ನಿಂತದ್ದು ಕಂಡರೆ ಇಂದಿಗೂ ಸಂಕಟವಾಗುತ್ತದೆ. ಕಾಕಾನ ಮೇಲೆ ಸಿಟ್ಟೂ ಬರುತ್ತಿತ್ತು. ಬೀಗರ ಕಡಬಿಗೆ ಕೊಟ್ಟ "ಒಟ್ಟಾರೆ ಅಡ್ಡಿಯಿಲ್ಲ" ಎಂಬ ಮಾತನ್ನು ನನಗೂ ಕೊಡಬಾರದಿತ್ತೇ?

ಮೊನ್ನೆ ಸಂಕೇಶ್ವರಕ್ಕೆ ಹೊರಟ ಕಾಕಾ ನಡುವೆ ನಮ್ಮ ಮನೆಗೆ ಬಂದರು. ತಲೆ ಪೂರ್ತಿ ಬೆಳ್ಳಗಾಗಿದೆ. ಕೊಟ್ಟ ಚಹಾ ಆರಿದರೂ ಕುಡಿಯಲಿಲ್ಲ.

"ಯವ್ವಾ, ಅವತ್ತ ನಿಮ್ಮಪ್ಪಗ ನಾ ಅರ್ಧಾ ಮಾತು ಹೇಳಿದೆ," ಎಂದರು.

"ಖರೇನ ಹೇಳಿದ್ರಲ್ರಿ ಕಾಕಾ. ನಾ ಕಚ್ಚಾನ ಇದ್ದೆ."

"ಕಚ್ಚಾ ಇದ್ದಾರಂತನ ಅಲ್ಲೇನವಾ ಕಲಿಯಾಕ ಕಳಸೂದು? ಓದಾಕ ಹಚ್ಚು ಅಣ್ಣಾ, ತಯಾರಾಗ್ತಾಳ ಅನ್ನಬೇಕಿತ್ತು. ಅದು ಖರೆ ಆಗ್ತೈತೋ ಇಲ್ಲೋ ಅಂತ ವಿಚಾರ ಮಾಡ್ಕೋತ ಕೂತೆ. ಅಣ್ಣ ಎದ್ದು ಹೋದ."

ಕಾಕಾ ಆರಿದ ಚಹಾವನ್ನು ಪಕ್ಕಕ್ಕೆ ಸರಿಸಿ, "ನಿನ್ನ ಮನಸಿಗಿ ಭಾಳ ಹತ್ತಿತೇನವಾ?" ಎಂದು ಕೇಳಿದರು.

ಜೀವಮಾನವೆಲ್ಲ ಖರೆ ಬಿಟ್ಟು ಬೇರೆ ಆಡದವರ ಎದುರು ಕೂತು, ಅವರ ಕೈ ಹಿಡಿದುಕೊಂಡು, "ಇಲ್ರಿ ಕಾಕಾ, ನಾ ಆವಾಗನ ಮರತ ಬಿಟ್ಟೀನಿ," ಎಂದೆ.