ಜವೆಗೋಧಿಗೊಂದು ರೋಗದ ಚೀಟಿ

ಈ ಸೀಮೆಯ ಜನಕ್ಕೆ ಜವೆಗೋಧಿ ಉಣ್ಣಲು ಕಲಿಸಿದವನು ನಾನೇ. ಸುಳ್ಳು. ಕಲಿಸಿದ್ದು ಸರಕಾರ, ನಾನು ಕೊಪ್ಪಳದಿಂದ ಚೀಲಗಳ ಬಂಡಿ ಹೊಡೆದುಕೊಂಡು ಬಂದೆ. ಅದೂ ಅರ್ಧ ದಾರಿ. ಉಳಿದರ್ಧ ನಾನು ಚೀಲದ ಮೇಲೆ ಮಲಗಿದ್ದೆ, ಎತ್ತುಗಳೇ ಊರು ಮುಟ್ಟಿಸಿದವು.

ಯುದ್ಧದ ಕಾಲ; ಜೋಳ ಕಣ್ಣಿಗೆ ಕಾಣದಾಗಿತ್ತು. ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವಿನ ನಮ್ಮೂರಲ್ಲಿ ಪುಷ್ಟಿಧಾನ್ಯ ಮಹಕಮಾ ಅನ್ನೋ ಸರಕಾರಿ ಇಲಾಖೆ ಡಂಗುರ ಸಾರಿಸಿತು: “ಜವೆಗೋಧಿಯು ನಿತ್ಯಾಹಾರಕ್ಕೆ ಶ್ರೇಷ್ಠವೆಂದು ಸಾಬೀತಾಗಿರುವುದರಿಂದ, ಎಲ್ಲ ಮನೆ ಮತ್ತು ಖಾನಾವಳಿಗಳಲ್ಲಿ ದಿನಕ್ಕೊಂದು ಹೊತ್ತು ಅದನ್ನೇ ಬೇಯಿಸತಕ್ಕದ್ದು. ತಪ್ಪಿದ ಖಾನಾವಳಿಯ ಪರವಾನಗಿ ಎಂಟು ದಿನದಲ್ಲಿ ರದ್ದಾಗತಕ್ಕದ್ದು.”

ಊರಿಗಿದ್ದದ್ದು ಒಂದೇ ಖಾನಾವಳಿ, ಪಾರಮ್ಮನದು. ಗಂಡ ಸತ್ತ ಮೇಲೆ ಆಕೆಗೆ ಆ ಒಲೆಯೇ ಗತಿ. ಮರುದಿನವೇ ಬುಟ್ಟಿ ಹಿಡಿದು ಸರಕಾರಿ ಉಗ್ರಾಣಕ್ಕೆ ಹೋದಳು. ಗುಮಾಸ್ತ ದೇವೇಂದ್ರಪ್ಪ ಹಳೆಯ ಕಾಯಿದೆ ಪುಸ್ತಕ ತೆಗೆದ. ಅದರ ಪ್ರಕಾರ ಜವೆಗೋಧಿ ಧಾನ್ಯವಲ್ಲ, ಔಷಧ. ಜ್ವರದವರಿಗೆ ನೀರಲ್ಲಿ ಕುದಿಸಿ ಕುಡಿಸುವ ವಸ್ತು. ರೋಗಿಯಲ್ಲದವರಿಗೆ ಕೊಡುವಂತಿಲ್ಲ.

“ಬೇಯಿಸದಿದ್ರ ಪರವಾನಗಿ ಕಸ್ಕೋತೀರಿ. ಬೇಯಿಸ್ತೀನಂದ್ರ ಕಾಳು ಕೊಡಂಗಿಲ್ಲ. ಗಡಿಗ್ಯಾಗ ನಿಮ್ಮ ಕಾಯಿದಿ ಕುದಿಸಲೇನ್ರಿ?”

“ಏನರ ಬ್ಯಾನಿ ಐತೇನವಾ ನಿನಗ?”

“ನಿಮ್ಮನ್ನ ನೋಡಿದಾಗಿಂದ ತಲಿ ಸಿಡ್ಯಾಕ ಹತ್ತೈತ್ರಿ.”

“ಬಾಯಿಮಾತು ನಡೆಯಂಗಿಲ್ಲ. ಹಕೀಮರ ಚೀಟಿ ತಗೊಂಬಾ.”

ನಾನು ಅಲ್ಲೇ ಚೀಲಕ್ಕೆ ಒರಗಿದ್ದೆ. “ಪಾರಕ್ಕಾ, ನಿನಗ್ಯಾಕ ಬ್ಯಾನಿ? ಗಿರಾಕಿಗಳಿಗೆ ಬರಲಿ” ಅಂದೆ. ಇಪ್ಪತ್ತು ಗಿರಾಕಿಗಳನ್ನು ಹಕೀಮ ನೂರಸಾಬರ ಮುಂದೆ ಸಾಲಾಗಿ ನಿಲ್ಲಿಸಿದೆ. ನೂರಸಾಬರು ಸುಳ್ಳು ಬರೆಯುವವರಲ್ಲ.

“ಎಲ್ಲಾರೂ ಗಟ್ಟಿಮುಟ್ಟ ಅದಾರಲ್ಲೋ ಕಳಕಪ್ಪ. ಏನಂತ ಬರೀಲಿ?”

“ಹಸಿವಂತ ಬರೀರಿ.”

ಅವರು ಒಬ್ಬೊಬ್ಬರ ನಾಡಿ ಹಿಡಿದು, ನಿಜವನ್ನೇ ಬರೆದರು: “ದಿನಕ್ಕೆರಡು ಬಾರಿ ಮರುಕಳಿಸುವ ವ್ಯಾಧಿ. ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು, ರೊಟ್ಟಿ ಬಡಿಯುವ ಸದ್ದಿಗೆ ಉಲ್ಬಣ.”

ಕಾಳು ಬಂತು. ಪಾರಮ್ಮ ನೆನೆಹಾಕಿ, ಒಡೆದು ನುಚ್ಚು ಮಾಡಿ, ತೊಗರಿಬೇಳೆ ಪುಂಡಿಸೊಪ್ಪಿನ ಜೊತೆ ಕುದಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಳು. ಸುಳ್ಳು ಹೇಳುವುದು ನನ್ನ ಕಸುಬಾದರೂ ಇದು ಖರೆ: ಭಾಳ ಛಲೋ ಆಗಿತ್ತು. ವಾರದಲ್ಲಿ ಇಡೀ ಊರು ಚೀಟಿ ಬರೆಸಿತು.

ಚೀಟಿಗಳ ವರದಿ ನೋಡಿ ಮಹಕಮಾ ಗಾಬರಿಗೊಂಡಿತು. ಜವೆಗೋಧಿ ಬರುವ ಮುನ್ನ ಊರಲ್ಲಿ ರೋಗಿಗಳು ಮೂವರು. ಬಂದ ಮೇಲೆ ಒಂಬೈನೂರ ಹದಿನಾಲ್ಕು. ಕೂಡಲೇ ಹುಕುಂ ಹೊರಟಿತು: “ಊರಿನಲ್ಲಿ ಸಾಂಕ್ರಾಮಿಕ ಹಬ್ಬಿರುವುದರಿಂದ ಖಾನಾವಳಿಗೆ ಬೀಗ ಹಾಕತಕ್ಕದ್ದು.”

ದೇವೇಂದ್ರಪ್ಪ ಬೀಗ ಹಿಡಿದು ಬಂದಾಗ ನಡುಮಧ್ಯಾಹ್ನ. ಪಾರಮ್ಮ ಅಳಲಿಲ್ಲ, ಕಾಲು ಹಿಡಿಯಲಿಲ್ಲ, ಒಗ್ಗರಣೆ ಹಾಕಿದಳು. ಗುಮಾಸ್ತನ ಮೂಗು ಬೀಗದಿಂದ ಗಡಿಗೆಯ ಕಡೆ ತಿರುಗಿತು.

“ಒಂದು ಬಟ್ಟಲ ನೀಡವಾ.”

“ಹೆಂಗ ನೀಡ್ಲಿರಿ? ನಿಮ್ಮ ಹತ್ರ ಚೀಟಿ ಇಲ್ಲ.”

ಒಳಗೆ ಉಣ್ಣುತ್ತಿದ್ದ ನೂರಸಾಬರು ಎಡಗೈಯಿಂದಲೇ ಅವನ ನಾಡಿ ಹಿಡಿದರು. “ಇವರಿಗೂ ಹತ್ತೈತಿ. ಜೋರಾಗೇ ಐತಿ.”

ಗುಮಾಸ್ತ ಮೂರು ಬಟ್ಟಲು ಉಂಡು, ಕೈತೊಳೆದು, ಕಾಯಿದೆ ಪುಸ್ತಕ ತೆರೆದ. ರೋಗಿಗಳು ಕೂಡಿ ಹಕೀಮರ ಚೀಟಿಯಂತೆ ಔಷಧ ಸೇವಿಸುವ ಜಾಗಕ್ಕೆ ದವಾಖಾನೆ ಎಂದು ಹೆಸರು. ದವಾಖಾನೆಗೆ ಖಾನಾವಳಿಯ ಪರವಾನಗಿ ಬೇಕಿಲ್ಲ; ಸಾಂಕ್ರಾಮಿಕದ ಕಾಲದಲ್ಲಿ ಅದನ್ನು ಮುಚ್ಚುವುದು ಅಪರಾಧ. ಬೀಗವನ್ನು ಜೇಬಿಗಿಳಿಸಿ, “ನಾಳಿಗಿ ಎರಡನೇ ಡೋಸಿಗೆ ಬರ್ತೀನಿ” ಎಂದು ಹೋದ.

ಪಾರಮ್ಮ ಬಾಗಿಲ ಮೇಲಿನ ಹೆಸರಿನ ಹಲಗೆ ಬದಲಿಸಿದಳು. ಒಲೆ ಬದಲಿಸಲಿಲ್ಲ. ಈಗಲೂ ನಮ್ಮೂರಲ್ಲಿ “ಊಟ ಆತೇನ್ರಿ?” ಎಂದು ಯಾರೂ ಕೇಳುವುದಿಲ್ಲ. “ಬ್ಯಾನಿ ಇಳೀತೇನ್ರಿ?” ಅನ್ನುತ್ತಾರೆ.

ನನ್ನ ಚೀಟಿ ಇಲ್ಲೇ ಅಂಗಿಯೊಳಗಿದೆ, ನೋಡ್ರಿ. ಹಕೀಮರ ಕೈಬರಹ: “ಈತನಿಗೆ ದಿನಕ್ಕೆ ಮೂರು ಚಹಾ. ರೊಕ್ಕ ಕೊಡುವಾಗ ಕೈ ನಡುಗುವ ವ್ಯಾಧಿ ಇರುವುದರಿಂದ ಪಕ್ಕದಲ್ಲಿ ಕೂತವರು ಕೊಡತಕ್ಕದ್ದು.” ಇವತ್ತು ಪಕ್ಕದಲ್ಲಿ ನೀವೇ ಕುಂತೀರಿ.