ಬೀಗರಿಗೊಂದು ವಚನ

‘ಯಾರು ಹೇಳಿದ್ದು, ಯಾರಿಗೆ ಹೇಳಿದ್ದು, ಯಾಕ ಹೇಳಿದ್ದು? ಮೂರೇ ಮೂರು ಪ್ರಶ್ನಿ. ಒಂದಕ್ಕರೆ ಉತ್ತರ ಕೊಡ್ರಿ!’

ಸೂಪರ್ ಮಾರ್ಕೆಟ್‌ನ ಗಡಿಯಾರದಂಗಡಿಯಲ್ಲಿ ಎಲ್ಲರೆದುರು ಹೆಂಡತಿ ಸುವಾರ್ತಮ್ಮ ಹೀಗೆ ಜಾಡಿಸಿದಾಗ ದೇವದಾನಪ್ಪನಿಗೆ ನಾಚಿಕೆಯಾಯಿತು. ಮಗಳು ಗ್ಲೋರಿಯ ಸಂಬಂಧ ಕುದುರಿತ್ತು. ಕಮಲಾಪುರದ ಬೀಗರಿಗೆ ಗೋಡೆ ಗಡಿಯಾರ ಒಯ್ಯಬೇಕು, ಅದರ ಹಿತ್ತಾಳೆ ಪಟ್ಟಿಯ ಮೇಲೊಂದು ಬೈಬಲ್ ವಚನ ಕೆತ್ತಿಸಬೇಕು ಎಂಬುದು ಅವನ ಆಸೆ. ವಚನ ಆರಿಸಿದ್ದು ಎಂದಿನಂತೆಯೇ: ಕಣ್ಣು ಮುಚ್ಚಿ, ಬೈಬಲ್ ತೆರೆದು, ಬೆರಳಿಟ್ಟು. ಬೆರಳಿಗೆ ಸಿಕ್ಕಿದ್ದು, ನಾವು ಅಗಲಿದಾಗ ದೇವರು ನಮ್ಮಿಬ್ಬರ ನಡುವೆ ಕಾವಲಿರಲಿ ಎಂಬ ಮಾತು.

ದೇವದಾನಪ್ಪ: ಬೈಬಲಿನಾಗ ಅದ ಅಂದ್ರ ದೇವರೇ ಹೇಳ್ಯಾನ. ಎಲ್ಲಾರಿಗೂ ಹೇಳ್ಯಾನ. ಛೊಲೋದಕ್ಕೇ ಹೇಳ್ಯಾನ. ಮೂರೂ ಉತ್ತರ ಬಂತಿಲ್ಲೋ?

ಸುವಾರ್ತಮ್ಮ: ‘ನನಗ ಅಡ್ಡಬಿದ್ರ ಲೋಕಾನೇ ಕೊಡ್ತೀನಿ’ ಅನ್ನೋ ಮಾತೂ ಅದರಾಗೇ ಅದ. ಹೇಳಿದಂವ ಸೈತಾನ!

ಕೆತ್ತುವ ಯಂತ್ರ ಹಿಡಿದಿದ್ದ ಅಂಗಡಿಯ ಫುರ್ಕಾನ್ ಗಕ್ಕನೆ ಕೈ ಹಿಂದೆಗೆದ.

ಫುರ್ಕಾನ್: ಸಾಬ್, ಇದು ಯಾರು ಹೇಳಿದ್ದು ಅಂತ ಪಹಲೇ ಪಕ್ಕಾ ಮಾಡ್ರಿ. ಹಿತ್ತಾಳಿ ಮ್ಯಾಲ ರಬ್ಬರ್ ನಡಿಯಂಗಿಲ್ಲ.

ದೇವದಾನಪ್ಪ: ಕೆತ್ತಪಾ ನೀ! ಈಕಿ ದಿನಾ ಮುಂಜಾನಿ ಒಂದಧ್ಯಾಯ ಓದ್ತಾಳ, ಕೆಂಪು ಪೆನ್ನಿಲೆ ಗೆರಿ, ನೀಲಿ ಪೆನ್ನಿಲೆ ಪ್ರಶ್ನಿ. ಇದು ಭಕ್ತೀನೋ, ತಹಸೀಲ್ ಕಚೇರೀನೋ!

ಸುವಾರ್ತಮ್ಮ: ತವರಿಂದ ಕಾಗದ ಬಂದ್ರ ನಡುವಿನ ಒಂದು ಸಾಲು ಓದಿ ಮಡಚಿ ಇಡ್ತಾರೇನು?

ದೇವದಾನಪ್ಪ: ಹಂಗಾರ ನೀನೇ ಹೇಳು, ಏನದ ಅದರಾಗ?

ಸುವಾರ್ತಮ್ಮ: ನಾ ಉಂಡ್ರ ನಿಮ್ಮ ಹೊಟ್ಟಿ ತುಂಬಂಗಿಲ್ಲ. ನೀವೇ ಓದ್ರಿ.

ಯಂತ್ರ ಗುರ್ರೆಂದಿತು. ವಚನ ಕೂತಿತು.

ಹುಮನಾಬಾದ್ ರಸ್ತೆ ಹಿಡಿದ ಬಸ್ಸಿನಲ್ಲಿ, ಹೆಂಡತಿಯ ಬಾಯಿ ಮುಚ್ಚಿಸಿಯೇ ಬಿಡುತ್ತೇನೆಂದು ದೇವದಾನಪ್ಪ ಆ ಅಧ್ಯಾಯವನ್ನು ಮೊದಲ ಸಾಲಿನಿಂದ ಓದತೊಡಗಿದ. ಜೀವಮಾನದಲ್ಲಿ ಇದೇ ಮೊದಲು. ಊರು ದಾಟುವಷ್ಟರಲ್ಲಿ ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು.

ದೇವದಾನಪ್ಪ: ಈ ಲಾಬಾನ ಮಾವನೋ, ಠಕ್ಕನೋ? ಅಳಿಯ ಯಾಕೋಬನ ಪಗಾರ ಹತ್ತು ಸಲ ಬದಲ್ ಮಾಡ್ಯಾನ!

ಸುವಾರ್ತಮ್ಮ: ಮುಂದ ಓದ್ರಿ.

ದೇವದಾನಪ್ಪ: ಅಳಿಯ ಹೇಳದೆ ಓಡಿಹೋದ್ರ ಏಳು ದಿನ ಬೆನ್ನಟ್ಯಾನ! ಡೇರೆ ಡೇರೆ ಹೊಕ್ಕು ಹುಡುಕಿ ಝಡ್ತಿ ಮಾಡ್ಯಾನ! ‘ನಾ ಇಲ್ಲದಾಗ ನಿನ್ನ ಮ್ಯಾಲ ದೇವರು ಕಣ್ಣಿಟ್ಟಿರಲಿ, ಈ ಕಲ್ಲಗುಪ್ಪಿ ದಾಟಿ ಬರಬ್ಯಾಡ’ ಅಂತಾನ! ಸುವಾರ್ತಾ, ಇದು ಆಶೀರ್ವಾದ ಅಲ್ಲ, ಪೊಲೀಸ್ ಬಂದೋಬಸ್ತ್!

ಸುವಾರ್ತಮ್ಮ: ಅಧ್ಯಾಯ ಮುಗೀತೇನು?

ದೇವದಾನಪ್ಪ: ನನ್ನ ಕಥೀನೇ ಮುಗೀತು!

ಕಮಲಾಪುರದಲ್ಲಿ ಗಡಿಯಾರವನ್ನು ಬೇಕೆಂದೇ ಸೀಟಿನಡಿ ಬಿಟ್ಟು ಇಳಿದ. ಕಂಡಕ್ಟರ್ ಕೂಗಿ ಕರೆದು ಕೈಗಿತ್ತು, ಕಳಕೊಳ್ಳಬೇಡಿರೆಂದು ಬುದ್ಧಿಯನ್ನೂ ಹೇಳಿದ.

ಬೀಗ ತಿಮೋತೆಪ್ಪ ಬಾಗಿಲಲ್ಲೇ ಕಾಗದ ಹರಿದು ವಚನವನ್ನು ಗಟ್ಟಿಯಾಗಿ ಓದಿದ. ಅವನ ಕಣ್ಣು ತುಂಬಿ ಬಂತು.

ತಿಮೋತೆಪ್ಪ: ಎಂಥಾ ಪ್ರೀತಿರೀ ನಿಮ್ದು! ಲಗ್ನಪತ್ರಿಕಿ ಮ್ಯಾಲೂ ಇದೇ ಇರ್ಲಿ!

ದೇವದಾನಪ್ಪ: ಬೀಗರೇ, ಇದರ ಹಿಂದಾ ಮುಂದಾ ನೋಡೀರೇನು?

ತಿಮೋತೆಪ್ಪ ಗಡಿಯಾರ ತಿರುವಿ ನೋಡಿದ.

ತಿಮೋತೆಪ್ಪ: ಹಿಂದ ಬರೇ ಸೆಲ್ ಹಾಕೋ ಜಾಗ ಅದ.

ದೇವದಾನಪ್ಪನಿಗೆ ತಡೆಯಲಾಗಲಿಲ್ಲ. ಲಾಬಾನ, ಡೇರೆ, ಕಲ್ಲಗುಪ್ಪೆ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿ, ‘ಓದದೇ ಕೆತ್ತಿಸೀನಿ, ಕ್ಷಮಿಸ್ರಿ’ ಎಂದು ಕೈ ಮುಗಿದ. ಅಷ್ಟರಲ್ಲಿ ಬೀಗತಿ ರೂತಮ್ಮ ಕೆಂಪು ಬಾಳೆಹಣ್ಣಿನ ತಟ್ಟೆ ಹಿಡಿದು ಒಳಗಿಂದ ಬಂದಳು.

ರೂತಮ್ಮ: ಪೂರಾ ಹೇಳ್ರಿ ಅಣ್ಣಾರ. ‘ನನ್ನ ಹೆಣ್ಮಕ್ಕಳನ್ನ ಕಾಡಿದ್ರ ದೇವರೇ ಸಾಕ್ಷಿ’ ಅಂತ ಲಾಬಾನ ಅಂದಿದ್ದೂ ಅಲ್ಲೇ ಅದ. ಮರುದಿನ ಮುಂಜಾನಿ ಮಕ್ಕಳಿಗೆ ಮುದ್ದು ಕೊಟ್ಟು, ಹರಸಿ ಹೋದ. ಠಕ್ಕ ಇದ್ರೂ ಅಪ್ಪ ಅಪ್ಪನೇರೀ.

ಗ್ಲೋರಿಯನ್ನು ಕಳಿಸುವ ಭಯವನ್ನು ದೇವದಾನಪ್ಪ ಯಾರಿಗೂ ಹೇಳಿರಲಿಲ್ಲ. ಹೆಂಡತಿಯತ್ತ ನೋಡಿದ. ಅವಳು ಏನೂ ತಿಳಿಯದವಳಂತೆ ಬಾಳೆಹಣ್ಣು ಸುಲಿಯುತ್ತಿದ್ದಳು.

ತಿಮೋತೆಪ್ಪ: ಹಂಗಾರ ಇದನ್ನ ಎಲ್ಲಿ ಹಾಕಬೇಕು? ಹುಡುಗನ ಖೋಲ್ಯಾಗೋ?

ರೂತಮ್ಮ: ಅಡಗಿಮನ್ಯಾಗ ಹಾಕ್ರಿ. ಸೊಸಿ ಜೋಡಿ ಮೊದಲು ಜಗಳ ತಗಿಯಾಕಿ ನಾನೇ!